ಎಲೆಯಿಲ್ಲದ ತಿಂಗಳು

ಆರೂವರೆಗೆ ನಾಮದ ಚಿಲುಮೆಯ ಗೇಟಿನ ಬಳಿ ಹದಿನೇಳು ಜನ.
ತಲೆಗೆ ಐವತ್ತು ರೂಪಾಯಿ; ಬಾಳೆಹಣ್ಣು, ಕಡಲೆಮಿಠಾಯಿ ಅದರಲ್ಲೇ.
ನುಸ್ರತ್ ಮೇಡಂ ಕೈಯಲ್ಲಿ ಭೂತಗನ್ನಡಿ, ಕೊರಳಲ್ಲಿ ಸೀಟಿ:
"ಯಾರೂ ಕೀಳಬಾರದು, ಕಿರುಚಬಾರದು,
ಮುಂದೆ ಹೋದವರು ಹಿಂದಿನವರಿಗೆ ಕಾಯಬೇಕು."
ಶಿವರಾತ್ರಿ ಮುಗಿದು ಹತ್ತು ದಿನ. ಚಳಿ
ಶಿವಶಿವಾ ಅಂತ ಹೋಗಿಯಾಗಿದೆ, ಆದರೂ
ಬ್ಯಾಂಕಿನ ವಸುಪಾಲರು ಮಂಕಿಕ್ಯಾಪು ಬಿಚ್ಚಿಲ್ಲ.
ನನ್ನ ಹೆಸರು ಬರೆಸಿದವಳು ಮಗಳು.
ಇಡೀ ದಿನ ಮಿಷನ್ ತುಳಿಯುವ ಕಾಲಿಗೆ
ನಡಿಗೆ ಒಳ್ಳೆಯದಂತೆ.

ಮೊದಲು ಬಂದದ್ದು ವಾಸನೆ.
ಜಾಲಾರಿ. ಗುಡ್ಡಕ್ಕೆ ಗುಡ್ಡವೇ ಹಾಲುಕ್ಕಿಸಿ
ಒಲೆ ಆರಿಸಲು ಮರೆತಂತೆ.
ಐದೆಸಳು, ಐದೂ ಒಂದೇ ಕಡೆಗೆ ತಿರುಚಿ,
ತಲೆಗೆ, ಭುಜಕ್ಕೆ, ನೀರಿನ ಬಾಟಲಿಯ ಮುಚ್ಚಳಕ್ಕೆ.
ಮೇಡಂ ಲ್ಯಾಟಿನ್ ಹೆಸರು ಹೇಳಿದರು,
ಕೆಲವರು ಬರೆದುಕೊಂಡರು.
ನಾನು ಸುಮ್ಮನೆ ಮೂಗಿನಲ್ಲೇ ಇಟ್ಟುಕೊಂಡೆ.

ತಿರುವಿನಲ್ಲಿ ಮುತ್ತುಗ.
ಎಲೆಯೊಂದಿಲ್ಲ, ಮೈತುಂಬ ಕೆಂಡ.
ಎಲ್ಲರೂ ಓ ಎಂದರು. ಫೋನುಗಳು ಮೇಲೆದ್ದವು.
ಇಂಚರ ಎಂಬ ಎಂಟು ವರ್ಷದ್ದು
"ಗಿಳಿಮೂಗು ಒಂದು, ಗಿಳಿಮೂಗು ಎರಡು" ಎಣಿಸತೊಡಗಿತು.
ನಾನೂ ಕತ್ತೆತ್ತಿದೆ. ನನಗೆ ಕಂಡದ್ದು
ಎಲೆಯಿಲ್ಲದ ಮರ.

ಅಲ್ಲಿ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ:
ಅವ್ವ, ನಾನು, ದೊಡ್ಡಮ್ಮನ ಮಗಳು ಪುಟ್ಟತಾಯಿ
ಊರ್ಡಿಗೆರೆ ಕಡೆಯಿಂದ ನಡೆದು ಬಂದು
ಮುತ್ತುಗದೆಲೆ ಕೊಯ್ದು, ಹೊರೆ ಕಟ್ಟಿ,
ರಾತ್ರಿ ಬುಡ್ಡಿದೀಪದ ಮುಂದೆ ಕಡ್ಡಿ ಚುಚ್ಚಿ ಹಚ್ಚುತ್ತಿದ್ದೆವು.
ನೂರೆಲೆಗೆ ಎರಡು ರೂಪಾಯಿ,
ಲಗ್ನದ ಕಾಲದಲ್ಲಿ ಎರಡೂವರೆ.
ಮರ ಎಲೆ ಉದುರಿಸಿ ಹೂ ಹೊತ್ತಿತೆಂದರೆ
ಅವ್ವ ಬುಡ್ಡಿಗೆ ಎಣ್ಣೆ ಹಾಕುತ್ತಿರಲಿಲ್ಲ.
"ಬಂತು ನೋಡು ಹಾಳು ಹೂವು" ಅನ್ನುತ್ತಿದ್ದಳು,
ಹೇಳದೆ ಬಂದ ನೆಂಟರು
ಉಣ್ಣಲು ಕೂತೇಬಿಟ್ಟಂತೆ.
ಆ ತಿಂಗಳು ನಾವ್ಯಾರೂ ಮೇಲೆ ನೋಡುತ್ತಿರಲಿಲ್ಲ.

ಸಾಲಿನ ಕೊನೆಗೆ ಊರುಗೋಲಿನ ಸದ್ದು.
ಗಂಗಹನುಮಯ್ಯ, ಗಾರ್ಡ್ ಆಗಿದ್ದವರು,
ರಿಟೈರಾಗಿ ಹದಿನಾರು ವರ್ಷ.
ಕಿವಿಯ ಕೂದಲಿನಿಂದ ಗುರುತು ಹಿಡಿದೆ.
ಒಮ್ಮೆ ನಮ್ಮ ಕುಡುಗೋಲು ಕಿತ್ತುಕೊಂಡಿದ್ದರು.
ಮೂರು ದಿನ ಬಿಟ್ಟು ಸಂತೆಯಲ್ಲಿ ವಾಪಸು ಕೊಟ್ಟು
"ಹಿಡಿ ಸಡಿಲಾಗಿತ್ತು, ಬಿಗಿ ಮಾಡಿಸಿದೀನಿ" ಅಂದಿದ್ದರು.
ಮೂರು ದಿನದ ಎಲೆ ಯಾರು ಕೊಡ್ತಾರೆ ಅಂತ
ಅವ್ವ ಮನೆ ಮುಟ್ಟುವವರೆಗೂ ಬೈದಳು.
ಅವರಿಗೆ ನನ್ನ ಗುರುತಿಲ್ಲ. ಯಾಕಿರಬೇಕು?
ಕುಡುಗೋಲುಗಳು ಎಷ್ಟೋ.

ಬಂಡೆಯಂಚಿನಲ್ಲಿ ಸೀಟಿ. ವಿಷ್ಣುಕ್ರಾಂತಿ!
ಎಲ್ಲಿ, ಎಲ್ಲಿ? ಕಾಲ ಬುಡದಲ್ಲೇ.
ಅಂಗಿಯ ಗುಂಡಿಗಿಂತ ಚಿಕ್ಕದು.
ನನ್ನ ಡಬ್ಬಿಯಲ್ಲಿ ನಲವತ್ತು ಬಣ್ಣದ ನೂಲಿದೆ, ಇದಿಲ್ಲ.
ಕಾಣಬೇಕಾದರೆ ಮಂಡಿಯೂರಬೇಕು.
ವಸುಪಾಲರು ಊರಿದರು, ಕ್ಯಾಪು ಕೊನೆಗೂ ಬಿತ್ತು.
ನಾನು ಮೊಣಕೈ ಊರಿ ಮಲಗಿಯೇಬಿಟ್ಟೆ.

ಮೇಲಿನಿಂದ ದನಿ:
"ನನ್ನ ಮಂಡಿ ಬಗ್ಗಲ್ಲ. ಹೆಂಗೈತೆ ಹೇಳವ್ವ."
ನೀಲಿ, ಅಂದೆ.
"ನೀಲಿ ಅಂದ್ರೆ?"
ಮೂವತ್ತೆರಡು ವರ್ಷ ಈ ಕಾಡು ಕಾದವರಿಗೆ
ಯಾವ ನೀಲಿ ತೋರಿಸಲಿ?
"ದಂಡದ ರಸೀತಿ ಹರೀತಿದ್ರಲ್ಲ,
ಅದರಡಿಯ ಕಾರ್ಬನ್ ಹಾಳೆ.
ಹೊಸದು. ಒಂದು ಹೆಸರೂ ಬರೆಯದ್ದು."

ಊರುಗೋಲು ಒಂದು ಗಳಿಗೆ ಅಲ್ಲಾಡಲಿಲ್ಲ.
"ಯಾವೂರವ್ವ ನಿಂದು?"

ಸೀಟಿ ಮತ್ತೆ. ಮುಂದೆ ಹೋದವರು
ಜಾಲಾರಿಯ ಕೆಳಗೆ ನಿಂತು ಕಾಯುತ್ತಿದ್ದರು.
ಊರಿನ ಹೆಸರಷ್ಟೇ ಹೇಳಿದೆ.
ಕುಡುಗೋಲಿನ ಮಾತು ಇನ್ನೊಂದು ಭಾನುವಾರಕ್ಕಿರಲಿ ಎಂದು
ಮೊಣಕೈ ಮಣ್ಣು ಕೊಡವಿಕೊಂಡೆ.
ಅಷ್ಟೂ ಹೋಗಲಿಲ್ಲ.